ಹೇಳಿದರೆ ಕೆಡುವ ಔಷಧಿ

ನನ್ನದು ಹುಮನಾಬಾದಿನಲ್ಲಿ ಹಿಂಡಿ ಅಂಗಡಿ. ಶೇಂಗಾ ಹಿಂಡಿ, ಕುಸುಬಿ ಹಿಂಡಿ, ಹತ್ತಿಕಾಳು, ತೌಡು, ಹೀಗೆ ದನ ಕುರಿ ತಿನ್ನುವುದೆಲ್ಲ ನಮ್ಮಲ್ಲಿ ಸಿಗುತ್ತದೆ. ಗಿರಾಕಿ ಬರುತ್ತಾನೆ, ದರ ಕೇಳುತ್ತಾನೆ, ದರ ಕೇಳಿ ಬೈಯುತ್ತಾನೆ, ತೂಗಿಸಿಕೊಂಡು ಹೋಗುತ್ತಾನೆ. ಇದಕ್ಕಿಂತ ಹೆಚ್ಚಿನ ಮಾತು ವ್ಯಾಪಾರಕ್ಕೆ ಬೇಕಿಲ್ಲ ಎಂದು ನಂಬಿದವನು ನಾನು. ಬೇಮಳಖೇಡದ ಧೂಳಮ್ಮ ಮಾತ್ರ ಒಂದು ಕಿಲೋ ಹಿಂಡಿ ಒಯ್ಯಲು ಎರಡು ಕಿಲೋ ಪ್ರಶ್ನೆ ಹೊತ್ತುಕೊಂಡು ಬರುತ್ತಾಳೆ.

"ಧನರಾಜಣ್ಣ, ಹಿಂಡಿ ತಿಂದ ಕುರಿ ನೀರ ಜಾಸ್ತಿ ಕುಡೀತಾವ. ಯಾಕ?"

"ನೀರಡಿಕಿ ಆಗ್ತದ, ಕುಡೀತಾವ."

"ಅದು ನನಗೂ ಗೊತ್ತದ. ನೀರಡಿಕಿ ಯಾಕ ಆಗ್ತದ ಹೇಳ್ರಿ."

ನಾನು ಅಪ್ಪನ ಕಾಲದಿಂದ ಈ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ಈ ಪ್ರಶ್ನೆ ಅಪ್ಪನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಿದ್ದರು. ಸಿಟ್ಟು ಬಂದು ಆಕೆಗೆ ಯಾಕವ್ವ ಎಂದು ಹೆಸರಿಟ್ಟೆ. ಹೆಸರು ಪೇಟೆಯಲ್ಲೆಲ್ಲ ಹಬ್ಬಿತು. ಬೇಸರ ಮಾಡಿಕೊಂಡಾಳು ಎಂದುಕೊಂಡರೆ, ಆಕೆ ನಕ್ಕು, "ಚಲೋ ಹೆಸರ ಇಟ್ಟೀರಿ. ಯಾಕ ಇಟ್ರಿ?" ಎಂದು ಕೇಳಿದಳು.

ಈ ಯಾಕವ್ವ ಬೇಮಳಖೇಡದಿಂದ ಹುಲಸೂರಿನವರೆಗೆ ಕುರಿ ಕಾಯುವವರ ಬಾಯಲ್ಲಿ ಹೆಸರಾದದ್ದು ಹೇಗೆ ಎಂಬುದನ್ನು ಹೇಳಬೇಕಾಗಿದೆ. ಹೇಳದಿದ್ದರೆ ಯಾಕೆ ಹೇಳಲಿಲ್ಲ ಎಂದು ಆಕೆಯೇ ಬಂದು ಕೇಳುತ್ತಾಳೆ.

ಧೂಳಮ್ಮನ ತವರು ಹಳ್ಳಿಖೇಡ. ಅಪ್ಪ ಬೆಲ್ಲದ ಗಾಣದಲ್ಲಿ ಕಡಾಯಿ ಕಾಯುವವನು. ಕಬ್ಬಿನ ಹಾಲು ಕುದಿಯುವಾಗ ಒಲೆಗೆ ಸಿಪ್ಪೆ ಒಟ್ಟುವುದು ಮಗಳ ಕೆಲಸ. ಶಾಲೆ ಮೂರನೇ ಇಯತ್ತೆಗೆ ಮುಗಿಯಿತು. ಮದುವೆಯಾಗಿ ಬೇಮಳಖೇಡದ ಕುರಿ ಸಾಕುವ ಮನೆಗೆ ಬಂದಳು. ಗಂಡ ಮಚ್ಚೇಂದ್ರ ಮಾತು ಕಡಿಮೆ ಮನುಷ್ಯ. ಮನೆಯ ಹಿರಿಯ ಅವನ ಅಣ್ಣ ಸೂರ್ಯಕಾಂತ. ಪ್ರಶ್ನೆ ಕೇಳುವ ಸೊಸೆ ಎಂದರೆ ನಮ್ಮ ಕಡೆ ಉಪ್ಪು ಹೆಚ್ಚಾದ ಸಾರಿನ ಹಾಗೆ. ಯಾರೂ ಉಗುಳುವುದಿಲ್ಲ, ಯಾರೂ ಎರಡನೇ ಸಲ ಬಡಿಸಿಕೊಳ್ಳುವುದೂ ಇಲ್ಲ.

ಆ ಮನೆಯಲ್ಲಿ ಒಂದು ಔಷಧಿ ಇತ್ತು. ಮಳೆಗಾಲದಲ್ಲಿ ಕುರಿ ಹಸಿ ಹೆಸರುಕಾಳಿನ ಹೊಲವನ್ನೋ ಸೋಯಾ ಹೊಲವನ್ನೋ ಹೊಕ್ಕು ಹೊಟ್ಟೆ ಬಿರಿಯ ಮೇಯ್ದರೆ ಎಡಗಡೆ ಹೊಟ್ಟೆ ಊದಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಉಸಿರು ಕಟ್ಟಿ ಬೀಳುತ್ತದೆ. ಆಗ ಸೂರ್ಯಕಾಂತನನ್ನು ಕರೆಯುತ್ತಿದ್ದರು. ಊಟದ ತಟ್ಟೆ ಬಿಟ್ಟು ಏಳುತ್ತಿದ್ದ ಪುಣ್ಯಾತ್ಮ. ಯಾರಿಂದಲೂ ಒಂದು ಕಪ್ ಚಹಾ ಸಹ ಮುಟ್ಟುತ್ತಿರಲಿಲ್ಲ. ಆದರೆ ಔಷಧಿ ಕೊಡುವಾಗ ನೆರೆದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು, ಯಾರೂ ಮಾತಾಡಬಾರದು. ಸೂರ್ಯಕಾಂತ ತನ್ನ ಮೇಲೂ ಕುರಿಯ ಮೇಲೂ ಕಂಬಳಿ ಹೊದ್ದುಕೊಂಡು, ಅದರ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದು, ಕುಸುಬಿ ಎಣ್ಣೆಯಲ್ಲಿ ಕಲಸಿದ ಸೊಪ್ಪಿನ ಪುಡಿಯನ್ನು ಗಂಟಲಿಗೆ ಇಳಿಸುತ್ತಿದ್ದ. ಯಾವ ಸೊಪ್ಪು ಎಂದು ಕೇಳುವಂತಿರಲಿಲ್ಲ. ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎಂದು ಅಜ್ಜ ಹೇಳಿ ಸತ್ತಿದ್ದ. ನಮ್ಮ ಕಡೆ ಗಾವಟಿ, ಅಂದರೆ ನಾಟಿ, ಔಷಧಿ ಕೊಡುವ ಬಹಳ ಮನೆಗಳಲ್ಲಿ ಇದೇ ನೇಮ.

ಸೊಪ್ಪು ತಂದು ಒಣಗಿಸಿ ಪುಡಿ ಮಾಡುತ್ತಿದ್ದವಳು ಮಾತ್ರ ಧೂಳಮ್ಮ. ಕುಟ್ಟುವವರು ಹೆಂಗಸರು, ಗುಟ್ಟು ಗಂಡಸರದ್ದು.

ಒಂದು ಮಳೆಗಾಲ ಸೂರ್ಯಕಾಂತ ಬೀಗರ ಊರಿಗೆ ಹೋಗಿದ್ದ. ಪಕ್ಕದ ಮನೆಯ ಕುರಿ ಊದಿಕೊಂಡಿತು. ನೋಡಿದರೆ ಪುಡಿಯ ಡಬ್ಬಿ ಖಾಲಿ. ನೆರೆಯವಳು ಅಂಗಳದಲ್ಲಿ ನಿಂತು ಅಳುತ್ತಿದ್ದಳು. ಬೇರೆ ದಾರಿ ಕಾಣದೆ ಧೂಳಮ್ಮ ತಾನೇ ಕಂಬಳಿ ಹೊದ್ದು ಬರೀ ಎಣ್ಣೆ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಕುರಿ ದೊಡ್ಡದಾಗಿ ತೇಗಿತು, ಹೊಟ್ಟೆ ಇಳಿಯಿತು, ಕಿವಿ ಕೊಡವಿ ಎದ್ದು ನಿಂತಿತು. ನೆರೆಯವಳು ಕಾಲಿಗೆ ಬಿದ್ದಳು. ಧೂಳಮ್ಮನಿಗೆ ಖುಷಿಯಾಗುವ ಬದಲು ತಲೆಯಲ್ಲಿ ಹುಳ ಹೊಕ್ಕಿತು. ಸೊಪ್ಪೇ ಇಲ್ಲದೆ ಗುಣವಾಯಿತಲ್ಲ, ಯಾಕೆ?

ಆಗ ಆಕೆಗೆ ನಲವತ್ತೈದು ದಾಟಿತ್ತು. ಆ ವಯಸ್ಸಿಗೆ ನಮ್ಮ ಹೆಂಗಸರು ಸೊಸೆಯಂದಿರಿಗೆ ಬುದ್ಧಿ ಹೇಳಲು ಕೂರುತ್ತಾರೆ. ಈಕೆ ಬಸ್ ಹತ್ತಿ ಹುಮನಾಬಾದಿನ ದನದ ದವಾಖಾನೆಗೆ ಬಂದಳು. ಅಲ್ಲಿದ್ದವರು ಡಾಕ್ಟರ್ ರೂಪಾಲಿ, ಬಸವಕಲ್ಯಾಣದ ಹುಡುಗಿ, ಬಂದು ಹೆಚ್ಚು ದಿನವಾಗಿರಲಿಲ್ಲ. ಧೂಳಮ್ಮ ಬಾಗಿಲಲ್ಲಿ ಬಹಳ ಹೊತ್ತು ನಿಂತಳಂತೆ. ಕೇಳಬೇಕಾದರೆ ಸೊಪ್ಪಿನ ಹೆಸರು ಹೇಳಬೇಕು. ಹೇಳಿದರೆ ಔಷಧಿ ಕೆಡುತ್ತದೆ. ಕಡೆಗೆ ಕೇಳುವ ಆಸೆಯೇ ಗೆದ್ದಿತು.

"ಡಾಕ್ಟರಬಾಯಿ, ತುಂಬಿ ಗಿಡದ ಸೊಪ್ಪು ಕುಸುಬಿ ಎಣ್ಣ್ಯಾಗ ಹಾಕಿ ಕುಡಸ್ತೀವ್ರಿ. ಗುಣ ಎಣ್ಣೀದೋ ಸೊಪ್ಪಿಂದೋ?"

ಡಾಕ್ಟರ್ ಕುರ್ಚಿ ಎಳೆದು ಕೂಡಿಸಿದರು. ಹಸಿ ಸೊಪ್ಪು ತಿಂದ ಕುರಿಯ ಹೊಟ್ಟೆಯಲ್ಲಿ ಗಾಳಿ ಒಂದೇ ಕಡೆ ನಿಲ್ಲುವುದಿಲ್ಲ, ಸಣ್ಣ ಸಣ್ಣ ಗುಳ್ಳೆಯ ನೊರೆಯಾಗುತ್ತದೆ, ನೊರೆಯನ್ನು ಕುರಿ ತೇಗಲಾರದು, ಎಣ್ಣೆ ಬಿದ್ದರೆ ಗುಳ್ಳೆ ಒಡೆಯುತ್ತವೆ ಎಂದು ತಿಳಿಸಿದರು. ಧೂಳಮ್ಮ ಕುರ್ಚಿ ಬಿಟ್ಟು ಎದ್ದೇ ಬಿಟ್ಟಳು.

"ಅಯ್ಯ! ಬೆಲ್ಲದ ಕಡಾಯಿ! ಕಬ್ಬಿನ ಹಾಲು ಕುದ್ದು ಬುರುಗು ಉಕ್ಕಿ ಬಂತಂದ್ರ ನಮ್ಮಪ್ಪ ಎರಡ ಹನಿ ಎಣ್ಣಿ ಬಿಡ್ತಿದ್ದ. ಝಪ್ ಅಂತ ಇಳೀತಿತ್ತು. ಅದೂ ಇದೂ ಒಂದೇ ಏನ್ರಿ?"

"ಬರಾಬರ ಅದೇ! ಇನ್ನ ಮ್ಯಾಲ ನಾನೂ ಎಲ್ಲಾರ್ಗೂ ಹಿಂಗೇ ಹೇಳ್ತೀನಿ," ಎಂದು ಡಾಕ್ಟರ್ ನಕ್ಕರು. ಆಮೇಲೆ, "ಹ್ಯಾಂಗ ಕುಡಸ್ತೀರಿ? ಮಾಡಿ ತೋರಸ್ರಿ," ಎಂದರು. ಧೂಳಮ್ಮ ಕುರಿಯ ತಲೆಯನ್ನು ಆಕಾಶಕ್ಕೆ ಎತ್ತುವ ಬಗೆ ತೋರಿಸಿದಳು. ಡಾಕ್ಟರ ನಗು ನಿಂತಿತು. ಹಾಗೆ ಎತ್ತಿದರೆ ಎಣ್ಣೆ ಹೊಟ್ಟೆಗೆ ಹೋಗುವ ಬದಲು ಉಸಿರಿನ ದಾರಿ ಹಿಡಿಯುತ್ತದೆ, ಊದು ಇಳಿದರೂ ಕುರಿ ಕೆಮ್ಮಿ ಕೆಮ್ಮಿ ಕೆಲವು ದಿನದಲ್ಲಿ ಸಾಯುತ್ತದೆ, ಮೂತಿ ಬೆನ್ನಿಗೆ ಸಮ ಇರಬೇಕು, ಬಾಯಿಯ ಪಕ್ಕದಿಂದ ನಿಧಾನ ಬಿಡಬೇಕು ಎಂದರು.

ಅಲ್ಲಿಂದ ಆಕೆ ನೇರ ನನ್ನ ಅಂಗಡಿಗೆ ಬಂದು ಹಿಂಡಿ ಚೀಲದ ಮೇಲೆ ಕೂತಳು. ಪ್ರಶ್ನೆ ಕೇಳಲಿಲ್ಲ. ನನಗೇ ಹೆದರಿಕೆಯಾಯಿತು.

"ಅಣ್ಣಾ, ಔಷಧಿ ಹಾಕಿದ ಮ್ಯಾಲ ಕೆಮ್ಮಿ ಸತ್ತ ಕುರಿ ಭಾಳ ನೋಡೀನಿ. ಅದರ ಆಯುಷ್ಯ ಅಷ್ಟೇ ಅಂತಿದ್ವಿ. ನಾವೇ ಉಳಿಸಿ ನಾವೇ ಕೊಂದೀವಿ. ಯಾರಿಗೂ ನೋಡಾಕ ಬಿಡಲಿಲ್ಲ, ಅದಕ್ಕ ಯಾರೂ ತಪ್ಪು ಹೇಳಲಿಲ್ಲ."

ಮನೆಗೆ ಹೋಗಿ ಸೂರ್ಯಕಾಂತನಿಗೆ ಮೊದಲು ಹೇಳಿದಳು. ಆತ, "ನಮ್ಮ ಅಜ್ಜನಕಿಂತ ನೀ ಶಾಣ್ಯಾಕಿ ಆದಿ?" ಎಂದು ಎದ್ದು ಹೋದ. ಅದಾದ ಮೇಲೆ ಊರಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಶಿಬಿರ ನಡೆಯಿತು. ಊರಿನ ಹಿಂಡುಗಳೆಲ್ಲ ಸೇರಿದ್ದವು. ಧೂಳಮ್ಮ ಒಂದು ಕುರಿಯನ್ನು ಕಾಲ ನಡುವೆ ಹಿಡಿದು ನಿಂತು ಎಲ್ಲರೆದುರು ಹೇಳಿಬಿಟ್ಟಳು. ಸೊಪ್ಪಿನ ಹೆಸರು ಹೇಳಿದಳು, ಸೊಪ್ಪು ಇಲ್ಲದೆಯೂ ಇಳಿದದ್ದನ್ನು ಹೇಳಿದಳು, ಬೆಲ್ಲದ ಕಡಾಯಿಯ ಕತೆ ಹೇಳಿದಳು, ಚಹಾ ಲೋಟದಲ್ಲಿ ಎಣ್ಣೆ ತೆಗೆದುಕೊಂಡು ಮೂತಿ ಎಲ್ಲಿ ಹಿಡಿಯಬೇಕೆಂದು ತೋರಿಸಿದಳು. ತಮ್ಮ ಮನೆಯ ತಪ್ಪನ್ನೂ ಮುಚ್ಚಿಡಲಿಲ್ಲ.

ಸೂರ್ಯಕಾಂತ ಜನರ ನಡುವಿನಿಂದ ಎದ್ದ.

"ಇವತ್ತಿಗೆ ನಮ್ಮ ಔಷಧಿ ಸತ್ತಿತು. ಇನ್ನ ಯಾರ ಕೊಟ್ರೂ ಕುರಿ ಉಳಿಯಂಗಿಲ್ಲ. ಉಳಿದ್ರ ನನಗ ಬಂದು ಹೇಳ್ರಿ."

ಅಂದೇ ಆತ ತನ್ನ ಹಿಂಡು ಬೇರೆ ಮಾಡಿಕೊಂಡ. ಆಕೆಯ ಕೈಯ ರೊಟ್ಟಿ ಬಿಟ್ಟ, ಮಾತು ಬಿಟ್ಟ. ಒಂದೇ ಅಂಗಳದಲ್ಲಿ ಎರಡು ಒಲೆ ಹೊತ್ತಿದವು. ನಡುವೆ ಮಚ್ಚೇಂದ್ರ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ.

ದೇವರು ಕೂಡ ಸೂರ್ಯಕಾಂತನ ಪಕ್ಷ ಎನ್ನುವ ಹಾಗೆ, ಸ್ವಲ್ಪ ದಿನಕ್ಕೆ ಧೂಳಮ್ಮನ ಸ್ವಂತ ಕುರಿ, ಮನೆಮಂದಿಯೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಒಳ್ಳೆಯ ತಾಯಿಕುರಿ, ಊದಿಕೊಂಡಿತು. ಎಣ್ಣೆ ಕುಡಿಸಿದಳು. ಮೂತಿ ಸಮ ಹಿಡಿದು ನಿಧಾನ ಬಿಟ್ಟಳು. ಇಳಿಯಲಿಲ್ಲ. ಆಕೆಯ ತೊಡೆಯ ಮೇಲೆಯೇ ಸತ್ತಿತು. ಊರಿಗೆ ಇನ್ನೇನು ಬೇಕು? ಹೇಳಿದಳು, ಕೆಟ್ಟಿತು, ಸೂರ್ಯಕಾಂತ ಅಂದದ್ದು ಖರೆಯಾಯಿತು ಎಂದು ಆಡಿಕೊಂಡರು.

ಆ ವಾರ ಆಕೆ ನನ್ನ ಅಂಗಡಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಸಾಕ ಮಾಡವ್ವ ಈ ಉಸಾಬರಿ. ನಿನಗ್ಯಾಕ ಬೇಕು ಊರ ಚಿಂತಿ?" ಎಂದೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇಳೀಲಿಲ್ಲ ಯಾಕ ಅಂತ ಕೇಳ್ಕೊಂಡು ಬರ್ತೀನಿ," ಎಂದು ದವಾಖಾನೆಗೆ ನಡೆದಳು. ಕಣ್ಣೀರಿನಲ್ಲೂ ಯಾಕ ಎನ್ನುವುದನ್ನು ಬಿಡಲಿಲ್ಲ ನೋಡಿ.

ಉತ್ತರ ತೆಗೆದುಕೊಂಡೇ ಅಂಗಡಿಗೆ ತಿರುಗಿ ಬಂದಳು. ಆ ಕುರಿ ಹಸಿ ಮೇವು ತಿಂದಿರಲಿಲ್ಲ, ಚೀಲ ಹರಿದು ಜೋಳದ ಕಾಳು ತಿಂದಿತ್ತು. ಕಾಳು ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಅಲ್ಲಿ ಒಡೆಯಲು ನೊರೆಯೇ ಇರುವುದಿಲ್ಲ, ಎಣ್ಣೆ ಏನು ಮಾಡೀತು? ಅದಕ್ಕೆ ಬೇರೆ ಇಲಾಜು, ಡಾಕ್ಟರನ್ನೇ ಕರೆಯಬೇಕು.

"ಇದನ್ನೂ ಹೇಳಬೇಕಾಗ್ತದ," ಎಂದಳು ಧೂಳಮ್ಮ. "ಯಾವಾಗ ಕೊಡಬೇಕು ಅಂತ ಹೇಳೀನಿ, ಯಾವಾಗ ಕೊಡಬಾರದು ಅಂತ ಹೇಳೇ ಇಲ್ಲ. ಅರ್ಧಾ ಹೇಳಿದ್ರ ಹೇಳಿದ್ಹಾಂಗ ಆಗಂಗಿಲ್ಲ."

ಆಗ ನನ್ನೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ. ಎಣ್ಣೆಯಲ್ಲಿ ತುಂಬೆ ಸೊಪ್ಪಿನ ಪುಡಿ ಹಾಕಿ, ಬಾಟಲಿಗೆ ಕುರಿಯ ಚಿತ್ರ ಹಚ್ಚಿ, ಧೂಳಮ್ಮ ಉಬ್ಬರದ ಎಣ್ಣೆ ಎಂದು ಮಾರೋಣ, ನಿನಗೂ ಹೆಸರು, ನನಗೂ ಹೊಟ್ಟೆಪಾಡು ಎಂದೆ. ಒಳ್ಳೆಯ ಯೋಚನೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಾರ ಮನ್ಯಾಗ ಒಗ್ಗರಣಿ ಎಣ್ಣಿ ಅದ. ಬಾಟಲಿ ಯಾಕ?" ಎಂದಳು. ಈ ಹೆಂಗಸಿನ ಜೊತೆ ವ್ಯಾಪಾರ ಮಾಡುವುದು ಸಾಧ್ಯವೇ ಇಲ್ಲ.

ಅಂದಿನಿಂದ ಆಕೆಗೆ ಊರೆಲ್ಲ ಶಾಲೆಯಾಯಿತು. ಕುರಿ ಕೊಳ್ಳಲು ಮಾರಲು ಬಸವಕಲ್ಯಾಣಕ್ಕೆ ಹೋದರೆ ಸಂತೆಯಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡವರನ್ನೆಲ್ಲ ಹಿಡಿದು ನಿಲ್ಲಿಸುವಳು. ಮೊದಲು ಅವರಿಗೆ ಏನು ಗೊತ್ತಿದೆ ಎಂದು ಕೇಳುವಳು, ಆಮೇಲೆ ತನಗೆ ಗೊತ್ತಿದ್ದದ್ದು ಹೇಳುವಳು. ಸರ್ವೋದಯದವರ ಹಾಗೆ ಭಾಷಣ ಮಾಡುತ್ತಿರಲಿಲ್ಲ, ಜಗಳದ ಧಾಟಿಯಲ್ಲೇ ಹೇಳುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸು ಕುರಿ ಸಾಕದವಳಾದರೂ ಬಿಡುತ್ತಿರಲಿಲ್ಲ. "ನಿಮ್ಮ ಹೊಲಕ್ಕ ಬ್ಯಾರೆಯವರ ಕುರಿ ಬರ್ತಾವಿಲ್ಲ? ಅವೂ ಜೀವಾನೇ ಅಲ್ಲೇನು?" ಎನ್ನುವಳು. ಕೆಲವರು ಕೇಳಿದರು, ಕೆಲವರು ಆಕೆಗೆ ತಲೆ ಕೆಟ್ಟಿದೆ ಎಂದರು. ಬೇಮಳಖೇಡದಲ್ಲಿ ಮಾತ್ರ ಸೂರ್ಯಕಾಂತನ ಒಲೆ ಬೇರೆಯೇ ಉರಿಯುತ್ತಿತ್ತು. ಅದೊಂದು ಆಕೆಯನ್ನು ತಿನ್ನುತ್ತಿತ್ತು. "ಭಾವ ಮಾತಾಡಿದ್ರ ಸಾಕಾಗೇದ ಅಣ್ಣಾ. ಔಷಧಿ ಸತ್ತಿಲ್ಲ ಅಂತ ಅವರ ಬಾಯಾಗ ಒಮ್ಮಿ ಕೇಳಬೇಕು," ಎಂದು ಒಂದು ದಿನ ಅಂದಳು.

ಕಳೆದ ಮಳೆಗಾಲ ಸೂರ್ಯಕಾಂತ ತನ್ನ ಹಿಂಡು ಹೊಡೆದುಕೊಂಡು ಹುಲಸೂರಿನ ಕಡೆ ಹೋಗಿದ್ದ. ಅಲ್ಲಿ ನಡೆದದ್ದನ್ನು ಆತನೇ ನನ್ನ ಅಂಗಡಿಯಲ್ಲಿ ನಿಂತು ಹೇಳಿದ.

ಮಳೆ ಬಂದು ನಿಂತ ಮಧ್ಯಾಹ್ನ. ಗುಡುಗಿಗೆ ಬೆದರಿದ ಹಿಂಡು ರಸ್ತೆ ಬಿಟ್ಟು ಒಂದು ಸೋಯಾ ಹೊಲ ಹೊಕ್ಕಿತು. ಎಳೆಯ ಹಸಿರು, ಮೇಲೆ ಮಳೆನೀರು. ಆತ ಕೂಗಾಡಿ ಹೊರಗೆ ಹೊಡೆಯುವಷ್ಟರಲ್ಲಿ ಕುರಿಗಳು ಗಬಗಬ ಮೇಯ್ದಿದ್ದವು. ಹೊಲದ ಒಡತಿ ಶಕುಂತಲಾಬಾಯಿ ಬಡಿಗೆ ಹಿಡಿದುಕೊಂಡೇ ಓಡಿ ಬಂದಳು. ಬೈಗುಳ ಅರ್ಧಕ್ಕೆ ನಿಂತಿತು. ಕುರಿಗಳು ಒಂದರ ಹಿಂದೆ ಒಂದು ಊದಿಕೊಳ್ಳುತ್ತಿದ್ದವು. ಆಕೆಯ ಮಗಳು ಡಾಕ್ಟರಿಗೆ ಫೋನ್ ಹಚ್ಚಿದಳು. ಅವರು ಹೊರಟರು, ಆದರೆ ಊದಿದ ಕುರಿ ಡಾಕ್ಟರ ದಾರಿ ಕಾಯುವುದಿಲ್ಲ.

ಸೂರ್ಯಕಾಂತ ಸೊಂಟದ ಗಂಟು ಬಿಚ್ಚಿ ಪುಡಿ ತೆಗೆದ. ಎಣ್ಣೆ ಕೇಳಿದ. ಕಂಬಳಿ ಹೊದ್ದುಕೊಳ್ಳುತ್ತ, "ಎಲ್ಲಾರೂ ಬೆನ್ನು ತಿರುಗಸ್ರಿ," ಎಂದ.

"ಏನ್ ನಾಟಕ ಹಚ್ಚೀರಿ?" ಎಂದು ಶಕುಂತಲಾಬಾಯಿ ಗದರಿದಳು. "ಅಲ್ಲಿ ಕುರಿ ಸಾಯಾಕತ್ತಾವ, ಇಲ್ಲಿ ಬೆನ್ನು ತಿರುಗಸಬೇಕಂತ! ಏ, ಎಣ್ಣಿ ಪಾಕೀಟ ಎಲ್ಲಾ ತರ್ರಿ ಜಲ್ದಿ! ಲೋಟಾ ತರ್ರಿ!"

ಮಗಳು ಬಂದಳು, ಸೊಸೆ ಬಂದಳು, ಕಳೆ ಕೀಳುತ್ತಿದ್ದ ಹೆಂಗಸರು ಬಂದರು. ಶಕುಂತಲಾಬಾಯಿ ಒಂದೊಂದು ಕುರಿಗೆ ಒಬ್ಬೊಬ್ಬರನ್ನು ಹಚ್ಚಿದಳು. ಸೂರ್ಯಕಾಂತ ತನ್ನ ಮೊದಲ ಕುರಿಯ ತಲೆಯನ್ನು ಆಕಾಶಕ್ಕೆ ಎತ್ತಿದ್ದ. ಆಕೆ ಬಂದು ಅವನ ಕೈಯನ್ನೇ ಕೆಳಗೆ ಒತ್ತಿದಳು.

"ತಲಿ ಮ್ಯಾಲ ಎತ್ತಬ್ಯಾಡ್ರಿ! ಮೂತಿ ಬೆನ್ನಿಗಿ ಸಮ ಇರಲಿ! ಬಾಜೂದಿಂದ ಹಗೂರ್ಕ ಬಿಡ್ರಿ. ಬೆಲ್ಲದ ಕಡಾಯಿ ಬುರುಗು ಇಳದ್ಹಾಂಗ ಇಳೀತದ, ನೋಡ್ತಿರ್ರಿ."

ಬೆಲ್ಲದ ಕಡಾಯಿ! ಸೂರ್ಯಕಾಂತನ ಕೈ ಅಲ್ಲೇ ನಿಂತಿತು. ಸುತ್ತಲೂ ಕುರಿಗಳು ತೇಗತೊಡಗಿದವು. ಅಲ್ಲೊಂದು, ಇಲ್ಲೊಂದು, ಆಮೇಲೆ ಸಾಲಾಗಿ. ಡಾಕ್ಟರು ಬರುವ ಹೊತ್ತಿಗೆ ಹಿಂಡು ಬದುವಿನ ಮೇಲೆ ನಿಂತು ಮೆಲುಕು ಹಾಕುತ್ತಿತ್ತು. ಕೈ ಮುಟ್ಟುವ ಮೊದಲೇ ಬಿದ್ದ ಎರಡು ಮರಿಗಳನ್ನು ಬಿಟ್ಟರೆ ಎಲ್ಲವೂ ಉಳಿದವು.

"ಬಾಯಿ, ಇದು ನಿಮಗ ಯಾರ ಹೇಳಿದ್ರು?" ಎಂದು ಆತ ಕೇಳಿದ.

"ಹೆಸರ ಗೊತ್ತಿಲ್ರಿ. ಬಸವಕಲ್ಯಾಣ ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ ಬಾಜೂಕ ಕುಂತಿದ್ದಳು. ಕೇಳದಿದ್ರೂ ಹೇಳಿದಳು. ನನ್ನ ಬಸ್ ಬಂತು, ಕೈ ಬಿಡಲಿಲ್ಲ ಆ ಹೆಣ್ಮಗಳು. ಕಿಟಿಕ್ಯಾಗ ನಿಂತು ಹೇಳಿ ಮುಗಸಿದಳು."

ನಮ್ಮ ಅಂಗಡಿಗೆ ಸೂರ್ಯಕಾಂತ ಬಂದ ದಿನ ಧೂಳಮ್ಮ ತಕ್ಕಡಿಯ ಮುಂದೆಯೇ ನಿಂತಿದ್ದಳು. ಹುಲಸೂರಿನ ಸುದ್ದಿ ಇನ್ನೂ ಯಾರಿಗೂ ತಿಳಿದಿರಲಿಲ್ಲ. ಭಾವನನ್ನು ಕಂಡು ಆಕೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಆತ ಸರಿಯಲಿಲ್ಲ. ಗಿರಾಕಿಗಳೆಲ್ಲ ಕೇಳುವ ಹಾಗೆ ಮೊದಲಿನಿಂದ ಕೊನೆಯವರೆಗೆ ಹೇಳಿದ. ಕೊನೆಗೆ ಆಕೆಯ ಕಡೆ ತಿರುಗಿದ.

"ಧೂಳಮ್ಮ, ನನಗ ಎರಡೇ ಕೈ ಇದ್ದವು. ನೀ ಹೇಳಿದ್ದಕ್ಕ ಅಲ್ಲಿ ಹತ್ತು ಕೈ ಆದವು. ನೀ ಬಾಯಿ ಮುಚ್ಕೊಂಡಿದ್ರ ನಾ ಇವತ್ತ ಖಾಲಿ ಬಡಿಗಿ ಹಿಡ್ಕೊಂಡು ಬರ್ತಿದ್ದೆ. ಔಷಧಿ ಸತ್ತಿಲ್ಲವ್ವ. ಉಳಿದ್ರ ಬಂದು ಹೇಳ್ರಿ ಅಂದಿದ್ದೆ, ನಾನೇ ಬಂದು ಹೇಳಾಕತ್ತೀನಿ."

ಆಕೆ ಅಳುತ್ತಾಳೆ ಎಂದು ನಾನು ಕಾದೆ. ಕಣ್ಣು ತುಂಬಿದ್ದು ನಿಜ. ಆದರೆ ಬಾಯಿಂದ ಬಂದ ಮಾತೇ ಬೇರೆ.

"ಭಾವಾರ, ಅವರು ಯಾವ ಎಣ್ಣಿ ಹಾಕಿದ್ರು?"

"ಸೋಯಾ ಎಣ್ಣಿ. ಪಾಕೀಟಿಂದು."

"ಸೋಯಾ ಎಣ್ಣೀನೂ ನಡೀತದ?" ಆಕೆಯ ಮುಖ ಹಬ್ಬದ ಹಾಗೆ ಅರಳಿತು. "ನಾ ಕುಸುಬಿ, ಶೇಂಗಾ ಅಷ್ಟೇ ನೋಡಿದ್ದೆ! ಸೋಯಾ ತಿಂದು ಊದಿದ್ದಕ್ಕ ಸೋಯಾ ಎಣ್ಣಿ! ಯಾವುದೂ ಕೆಮ್ಮಲಿಲ್ಲ?"

"ಒಂದೂ ಕೆಮ್ಮಲಿಲ್ಲ."

"ನೋಡ್ರಿ ಧನರಾಜಣ್ಣ! ನಾ ಹೇಳಿ ಕಳಿಸಿದ್ದು ಇನ್ನೊಂದು ಕಲ್ಕೊಂಡು ತಿರುಗಿ ಬಂದದ!" ಎಂದು ಆಕೆ ನನ್ನ ತಕ್ಕಡಿಯನ್ನೇ ಹಿಡಿದು ಅಲುಗಾಡಿಸಿದಳು. ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅಷ್ಟು ಸಂತೋಷ ನನ್ನ ಅಂಗಡಿಯಲ್ಲಿ ಯಾವ ದೀಪಾವಳಿಗೂ ಆಗಿರಲಿಲ್ಲ.

ಸೂರ್ಯಕಾಂತ ಮಾತ್ರ ನಗಲಿಲ್ಲ. ಕಂಬಳಿಯೊಳಗೆ ಕೈ ಹಾಕಿ ಬಾಡಿದ ತುಂಬೆ ಸೊಪ್ಪಿನ ಒಂದು ಹಿಡಿ ತೆಗೆದ.

"ಎಲ್ಲಾ ಎಣ್ಣೀದೇ ಗುಣ ಅಂದ್ರ, ನಮ್ಮ ಹಿರೇರು ಈ ಸೊಪ್ಪು ಹಾಕ್ತಿದ್ರಲ್ಲ," ಎಂದು ನಿಧಾನ ಕೇಳಿದ, "ಯಾಕ?"

ಧೂಳಮ್ಮ ಬೆರಗಾಗಿ ಭಾವನನ್ನೇ ನೋಡಿದಳು.

"ನನಗೂ ಗೊತ್ತಿಲ್ರಿ ಭಾವಾರ. ನಡೀರಿ, ಡಾಕ್ಟರಬಾಯಿಗಿ ಕೇಳೂಣು. ಅವರಿಗೂ ಗೊತ್ತಿಲ್ಲಂದ್ರ ಎಲ್ಲಾರೂ ಕೂಡಿ ನೋಡೂಣು."

ಹಿಂಡಿ ಚೀಲ ನನ್ನಲ್ಲೇ ಬಿಟ್ಟು ಇಬ್ಬರೂ ಹೊರಟರು. ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಅಜ್ಜನ ಕಾಲದಿಂದ ಕಂಬಳಿಯ ಕೆಳಗಿದ್ದ ಸೊಪ್ಪು ಹುಮನಾಬಾದಿನ ಪೇಟೆಯ ಬಿಸಿಲಲ್ಲಿ ಸೂರ್ಯಕಾಂತನ ಬಿಚ್ಚಿದ ಅಂಗೈ ಮೇಲಿತ್ತು. ಎದುರು ಬಂದವರು, "ಅದೇನ್ರಿ ಕಾಕಾ?" ಎಂದು ಕೇಳುತ್ತಿದ್ದರು. ಆತ ನಿಂತು ನಿಂತು ಹೇಳುತ್ತಿದ್ದ. ದವಾಖಾನೆ ಮುಟ್ಟಲು ಅವರಿಗೆ ಬಹಳ ಹೊತ್ತು ಹಿಡಿಯಿತು.